ಮರೆವು ಶುರುವಾಯಿತೆಂದು ಕೆಲಸ ಬಿಡಿಸಬೇಡಿ

ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತರಾದ ಮೇಲೆ ಶಿವಮೊಗ್ಗದ ಆಲ್ಕೊಳದಲ್ಲಿ ಮನೆ ಮಾಡಿರುವ ಹಿರಿಯರೊಬ್ಬರನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನಕ್ಕೆ ನೆನಪಿಲ್ಲ. ಗಾಂಧಿ ಬಜಾರಿಗೆ ಹೋದರೆ ತರಬೇಕಾದ್ದನ್ನು ಬಿಟ್ಟು ಬೇರೇನೋ ತರುತ್ತಾರೆ. ಆದರೆ ಸೋರುವ ನಲ್ಲಿ ಬಿಚ್ಚಿ ವಾಷರ್ ಹಾಕುವಾಗ ಅವರ ಕೈ ತಡವರಿಸುವುದಿಲ್ಲ. ಸ್ಪ್ಯಾನರ್ ಎಷ್ಟು ತಿರುಗಿಸಿದರೆ ಬಿಗಿ, ಎಲ್ಲಿ ನಿಲ್ಲಿಸದಿದ್ದರೆ ಥ್ರೆಡ್ ಹಾಳು ಎಂಬುದು ಬೆರಳಿಗೇ ಗೊತ್ತು. ಡಾಕ್ಟರು ‘ಡಿಮೆನ್ಷಿಯಾದ ಆರಂಭ’ ಎಂದದ್ದೇ ತಡ, ಮನೆಯವರು ಆ ಸ್ಪ್ಯಾನರನ್ನು ಅಟ್ಟಕ್ಕೆ ಹಾಕುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ. ಆದರೂ ಅದು ತಪ್ಪು.

ನೆನಪೆಲ್ಲ ಮಿದುಳಿನ ಒಂದೇ ಕಡೆ ಇರುವುದಿಲ್ಲ. ಇವತ್ತು ಯಾರು ಬಂದಿದ್ದರು, ಏನು ಹೇಳಿದರು ಎಂಬುದನ್ನು ಹಿಡಿದಿಡುವುದು ಹಿಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕದ ಭಾಗ. ಡಿಮೆನ್ಷಿಯಾ ತರುವ ಆಲ್ಝೈಮರ್ಸ್ ರೋಗ ಸಾಮಾನ್ಯವಾಗಿ ಮೊದಲು ಕೈಹಾಕುವುದು ಅಲ್ಲಿಗೇ. ಸೈಕಲ್ ತುಳಿಯುವುದು, ಚಪಾತಿ ಲಟ್ಟಿಸುವುದು, ನಟ್ಟು ಬಿಗಿ ಮಾಡುವುದು ಇಂಥ ರೂಢಿಯ ನೆನಪಿಗೆ ಬೇರೆ ಭಾಗಗಳಿವೆ. ರೋಗ ಅಲ್ಲಿಗೆ ತಲುಪುವುದು ತಡವಾಗಿ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರದ ಚಿಕಿತ್ಸೆಗಾಗಿ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಆಮೇಲೆ ಅವರಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್ನರಿಂದ ಕನ್ನಡಿ ನೋಡುತ್ತಾ ನಕ್ಷತ್ರದ ಗೆರೆ ಎಳೆಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ.

ಉಳಿದಿರುವ ಈ ಶಕ್ತಿಯನ್ನು ಡಿಮೆನ್ಷಿಯಾದ ಆರಂಭದಲ್ಲಿ ಬಳಸಿಕೊಳ್ಳಬಹುದೇ? ಬ್ರಿಟನ್ನಿನಲ್ಲಿ ಲಿಂಡಾ ಕ್ಲೇರ್ ಮತ್ತು ಸಂಗಡಿಗರು 475 ಜನರೊಂದಿಗೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಯಾವ ಕೆಲಸ ತನಗೆ ಮತ್ತೆ ಸಲೀಸಾಗಬೇಕು ಎಂದು ಆರಿಸಿಕೊಂಡವರು ರೋಗಿಗಳೇ. ತರಬೇತುದಾರರು ಮೂರು ತಿಂಗಳಲ್ಲಿ ಹತ್ತು ಸಲ, ಮುಂದಿನ ಆರು ತಿಂಗಳಲ್ಲಿ ನಾಲ್ಕು ಸಲ ಜೊತೆಗೆ ಕೂತು ಅಭ್ಯಾಸ ಮಾಡಿಸಿದರು. ನೆನಪಿನ ಪರೀಕ್ಷೆಯ ಅಂಕವೇನೂ ಏರಲಿಲ್ಲ. ಆರಿಸಿಕೊಂಡ ಕೆಲಸ ಮಾತ್ರ ಸ್ಪಷ್ಟವಾಗಿ ಸುಧಾರಿಸಿತು, ಒಂಬತ್ತು ತಿಂಗಳಾದ ಮೇಲೂ ಹಾಗೇ ಇತ್ತು. ನನ್ನ ಮಟ್ಟಿಗೆ ಇದು ದೊಡ್ಡ ಗೆಲುವು. ದಿನ ಕಳೆಯಬೇಕಾದವರಿಗೆ ಅಂಕದಿಂದ ಆಗಬೇಕಾದ್ದೇನು?

ಕಲಿಸುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ನೆಂಟರು ಬಂದಾಗ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ: “ಅಪ್ಪಾ, ಇವರು ಯಾರು ಹೇಳಿ ನೋಡೋಣ?” ಅಪ್ಪ ಏನೋ ಒಂದು ಹೆಸರು ಹೇಳುತ್ತಾರೆ, ಎಲ್ಲರೂ ತಿದ್ದುತ್ತಾರೆ. ತಿದ್ದಿದ್ದು ಮರೆತುಹೋಗುತ್ತದೆ, ಬಾಯಿಗೆ ಬಂದ ತಪ್ಪು ಹೆಸರು ರೂಢಿಯಾಗಿ ಕೂತುಬಿಡುತ್ತದೆ. ಮುಂದಿನ ಸಲವೂ ಅದೇ ಬರುತ್ತದೆ, ಜೊತೆಗೆ ನಾಲ್ಕು ಜನರೆದುರು ಅವಮಾನ. ಆದ್ದರಿಂದ ಊಹಿಸಲು ಬಿಡದೆ ಸರಿಯಾದದ್ದನ್ನು ಮೊದಲೇ ಹೇಳಿಬಿಡಬೇಕು. ಹೇಳಿದ ಕೂಡಲೇ ಅವರಿಂದ ಒಮ್ಮೆ ಹೇಳಿಸಿ. ನಿಮಿಷ ಬಿಟ್ಟು ಇನ್ನೊಮ್ಮೆ, ಆಮೇಲೆ ಎರಡು, ನಾಲ್ಕು, ಎಂಟು ನಿಮಿಷಕ್ಕೆ. ತಪ್ಪಿದರೆ ಉತ್ತರ ಕೊಟ್ಟು ಹಿಂದಿನ ಅಂತರಕ್ಕೆ ಮರಳಿ.

ಹೊಸ ಅಭ್ಯಾಸವನ್ನು ಹಳೆಯದಕ್ಕೆ ಗಂಟು ಹಾಕುವುದೂ ಕೆಲಸಕ್ಕೆ ಬರುತ್ತದೆ. ಕಾಫಿ ಲೋಟ ಇಡುವ ಜಾಗದಲ್ಲೇ ವಾರದ ಏಳು ಖಾನೆಯ ಮಾತ್ರೆ ಡಬ್ಬಿ. ಕಾಫಿ ಕುಡಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗೀಟು. ಗೀಟು ಹಾಕುವವರು ಅವರೇ ಆಗಿರಬೇಕು. ಗ್ಯಾಸ್ ಒಲೆ, ಗಾಡಿ ಓಡಿಸುವುದು ಇಂಥವುಗಳ ಬಗ್ಗೆ ಡಾಕ್ಟರ ಮಾತು ಕೇಳಿ, ಅಪಾಯವಿದ್ದರೆ ನಿಲ್ಲಿಸಲೇಬೇಕು. ಹಾಗೆಂದು ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಕಾಗಿಲ್ಲ.

ಇದೆಲ್ಲ ರೋಗ ಬೇಗ ಗೊತ್ತಾದರೆ ಮಾತ್ರ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುವ ಮನೆಗಳೇ ಹೆಚ್ಚು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಆ ಕಾರಣಕ್ಕಾದರೂ ತೋರಿಸಬೇಕು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಬೆಂಗಳೂರಿನ ಜಯನಗರ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಕಾಲಿಟ್ಟಿತು. ಶಿವಮೊಗ್ಗದವರು ಮೊದಲು ವಿಚಾರಿಸಲು ಮೆಗ್ಗಾನ್ ಆಸ್ಪತ್ರೆಯಿದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ. ನೆನಪಿನ ಪರೀಕ್ಷೆಗಳೂ ಕನ್ನಡಕ್ಕೆ ಹೊಂದಿಸಿ ಸಿದ್ಧವಾಗಿವೆ.

ಇನ್ನೊಂದು ಕೆಲಸ ಮುಂದೂಡುವಂಥದ್ದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ನಿಲ್ಲಬೇಕು ಎಂದು ವ್ಯಕ್ತಿಯೇ ಮುಂಚಿತವಾಗಿ ಬರೆದಿಡಬಹುದು. ರೋಗ ಮುಂದುವರಿದು ತೀರ್ಮಾನ ಮಾಡುವ ಶಕ್ತಿ ಹೋದ ಮೇಲೆ ಅದು ಸಾಧ್ಯವಿಲ್ಲ. ಆ ಮಾತುಕತೆಗೆ ಮಕ್ಕಳು, ಡಾಕ್ಟರು ಕೂರುವಾಗ ಅಪ್ಪನಿಗೂ ಕುರ್ಚಿ ಹಾಕಿ, ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ.