ಹಿನ್ನೀರಿನ ಅಂಚಿನಲ್ಲಿ ಜೆಟ್ಟಿ: ನೆಲ ಯಾರದು, ಲೆಕ್ಕ ಹೇಗೆ?

ಕಬಿನಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,284 ಅಡಿ. ವಯನಾಡಿನಲ್ಲಿ ಮುಂಗಾರು ಚೆನ್ನಾಗಿ ಸುರಿದ ವರ್ಷ ಜುಲೈ ತಿಂಗಳಲ್ಲಿಯೇ ನೀರು ಈ ಮಟ್ಟವನ್ನು ಮುಟ್ಟುತ್ತದೆ. ಆಗ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದ ಆಸುಪಾಸಿನಲ್ಲಿ ನಿಂತು ನೋಡಿದರೆ ಜಮೀನಿನ ಬೇಲಿಯಿಂದ ನಾಲ್ಕು ಹೆಜ್ಜೆಗೆ ನೀರು. ಅದೇ ಸ್ಥಳಕ್ಕೆ ಏಪ್ರಿಲ್‌ನಲ್ಲಿ ಹೋದವರಿಗೆ ಕಾಣುವುದು ಬಿರುಕು ಬಿಟ್ಟ ಕೆಸರು, ಅದರಾಚೆ ಹಸಿರು ಹುಲ್ಲು, ಮೇಯುವ ದನ, ಸಂಜೆಯಾದರೆ ಆನೆಗಳ ಹಿಂಡು. ನೀರು ಎಲ್ಲೋ ದೂರದಲ್ಲಿ ಬೆಳ್ಳಿಯ ಗೆರೆಯಂತೆ ಇರುತ್ತದೆ. ಹಿನ್ನೀರಿನ ಜಮೀನು ಕೊಳ್ಳುವವರು ಸಾಮಾನ್ಯವಾಗಿ ಜಲಾಶಯ ತುಂಬಿದ ತಿಂಗಳುಗಳಲ್ಲಿಯೇ ಅದನ್ನು ನೋಡಲು ಹೋಗುತ್ತಾರೆ. ಮುಂದಿನ ತೊಡಕುಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಆರಂಭವಾಗುತ್ತವೆ.

1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿ ವಸತಿಗೃಹ ಹೆಸರು ಮಾಡಿದ ನಂತರ ಈ ದಡದಲ್ಲಿ ಖಾಸಗಿ ರೆಸಾರ್ಟುಗಳು ಒಂದರ ಹಿಂದೊಂದು ಬಂದವು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಅವಕಾಶವಾಯಿತು. ಹುಣಸೂರಿನ ಮರದ ವ್ಯಾಪಾರಿಗಳು, ಪಿರಿಯಾಪಟ್ಟಣದ ಹೊಗೆಸೊಪ್ಪು ವರ್ತಕರು, ಕೆ.ಆರ್. ನಗರದ ಅಕ್ಕಿ ಗಿರಣಿ ಮಾಲೀಕರು ತಮ್ಮ ಉಳಿತಾಯವನ್ನು ಕಬಿನಿಯ, ಇಲ್ಲವೇ ಕೃಷ್ಣರಾಜಸಾಗರದ ಹಿನ್ನೀರಿನ ಅಂಚಿನಲ್ಲಿ ತೊಡಗಿಸಲು ಆಲೋಚಿಸುವುದು ಸಹಜವೇ. ನಾಲ್ಕು ಕೊಠಡಿ, ಒಂದು ಊಟದ ಮನೆ ಕಟ್ಟಿದ ಮೇಲೆ ಅತಿಥಿಗಳು ಮೊದಲು ಕೇಳುವುದು ದೋಣಿಯನ್ನು. ದೋಣಿ ಬಂದರೆ ಜೆಟ್ಟಿ ಬೇಕು. ಜೆಟ್ಟಿಯ ಜೊತೆಗೆ ದಡ ಕುಸಿಯದಂತೆ ತಡೆಗೋಡೆ, ಕಲ್ಲುಹಾಸು, ಮೆಟ್ಟಿಲು.

ಅಂಚು ಯಾರದು?

ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವಾಗ 'ಪಶ್ಚಿಮಕ್ಕೆ ಹಿನ್ನೀರು' ಎಂದು ನಮೂದಿಸುವ ವಾಡಿಕೆ ಇದೆ. ಇದನ್ನು ಓದಿದವರು ನೀರು ಎಲ್ಲಿಯವರೆಗೆ ಇಳಿಯುತ್ತದೆಯೋ ಅಲ್ಲಿಯವರೆಗೂ ಜಮೀನು ತಮ್ಮದೆಂದು ಭಾವಿಸುತ್ತಾರೆ. ವಾಸ್ತವ ಬೇರೆ. 1959ರಿಂದ 1974ರ ಅವಧಿಯಲ್ಲಿ ಕಬಿನಿ ಅಣೆಕಟ್ಟು ನಿರ್ಮಾಣವಾದಾಗ ಮುಳುಗಡೆಯಾಗುವ ಜಮೀನನ್ನು ಸರ್ಕಾರ ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಂಡಿತು. ಬೇಸಿಗೆಯಲ್ಲಿ ಹೊರಬೀಳುವ ಆ ನೆಲ ಒಣಗಿದ್ದರೂ ಜಲಾಶಯದ ತಳವೇ. ನೀರು ಇಳಿದ ಮಾತ್ರಕ್ಕೆ ಪಕ್ಕದ ಪಹಣಿದಾರರಿಗೆ ಅದು ಸೇರುವುದಿಲ್ಲ. ಕೆರೆಗಳ ವಿಷಯದಲ್ಲಿಯೂ ಹಾಗೆಯೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಪ್ರಕರಣದಂತೆ ನದಿ, ಹಳ್ಳ, ಕೆರೆ, ಸರೋವರಗಳ ಪಾತ್ರ ಸರ್ಕಾರದ ಸ್ವತ್ತು. ಆದುದರಿಂದ ಕೊಂಡ ಜಮೀನಿನಲ್ಲಿ ಭೂಪರಿವರ್ತನೆ ಪಡೆದು ಕೊಠಡಿ ಕಟ್ಟುವುದು ಒಂದು ಪ್ರಶ್ನೆಯಾದರೆ, ಅದರಿಂದ ಹತ್ತು ಮಾರು ಮುಂದೆ ನೀರಿನೊಳಗೆ ಕಂಬ ನೆಡುವುದು ಸಂಪೂರ್ಣವಾಗಿ ಬೇರೆಯದೇ ಪ್ರಶ್ನೆ. ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ ಮೊದಲನೆಯದಕ್ಕೆ ಸಲ್ಲುತ್ತದೆಯೇ ಹೊರತು ಎರಡನೆಯದಕ್ಕಲ್ಲ.

ಕಬಿನಿ ಮತ್ತು ಕೃಷ್ಣರಾಜಸಾಗರಗಳೆರಡೂ ಕಾವೇರಿ ನೀರಾವರಿ ನಿಗಮದ ವ್ಯಾಪ್ತಿಯಲ್ಲಿರುವುದರಿಂದ ಅಲ್ಲಿ ಅರ್ಜಿ ನಿಗಮಕ್ಕೆ ಹೋಗಬೇಕು. ಹುಣಸೂರು, ಪಿರಿಯಾಪಟ್ಟಣಗಳ ಕೆರೆಗಳಾದರೆ ಮೊದಲು ಅಚ್ಚುಕಟ್ಟಿನ ವಿಸ್ತೀರ್ಣ ತಿಳಿದುಕೊಳ್ಳಬೇಕು: 40 ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಕಡಿಮೆಯವು ಪಂಚಾಯತ್ ಸಂಸ್ಥೆಗಳ ಪಾಲಿನವು. ತಪ್ಪು ಕಚೇರಿಯಿಂದ ಪಡೆದ 'ಆಕ್ಷೇಪಣೆ ಇಲ್ಲ' ಎಂಬ ಪತ್ರ, ತೆರವಿನ ನೋಟಿಸ್ ಬಂದ ದಿನ ಯಾವ ಉಪಯೋಗಕ್ಕೂ ಬಾರದು.

ಅಂತರದ ನಿಯಮಗಳ ಬಗ್ಗೆ ಗೊಂದಲ ಹೆಚ್ಚು. ಕೆರೆಯಿಂದ 75 ಮೀಟರ್ ಬಿಡಬೇಕೆಂದು ಹಲವರು ಇಂದಿಗೂ ನಂಬಿದ್ದಾರೆ. ಅದು ಬೆಂಗಳೂರಿನ ಕೆರೆಗಳ ಕುರಿತು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ನೀಡಿದ ಆದೇಶ. ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್‌ನಲ್ಲಿ ಅದನ್ನು ರದ್ದುಪಡಿಸಿತು. ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ವಾಣಿಜ್ಯ ಕಟ್ಟಡ ಹಾಗೂ ಮನೆಗಳನ್ನು ನಿಷೇಧಿಸಿತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಬದಲಿಸುವ ಮಸೂದೆ 2025ರಲ್ಲಿ ಸದನದ ಮುಂದೆ ಬಂದಿತು. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ನಿರ್ಮಾಣ ಕೂಡದೆನ್ನುತ್ತವೆ, ಆದರೆ ದೋಣಿಯ ಜೆಟ್ಟಿಗೆ ಸ್ಪಷ್ಟ ವಿನಾಯಿತಿ ಕೊಡುತ್ತವೆ. ಈ ವಿನಾಯಿತಿಯನ್ನು ತೋರಿಸಿ ಕಬಿನಿಯಲ್ಲಿ ಹಕ್ಕು ಕೇಳಲು ಬಾರದು, ಏಕೆಂದರೆ ನೀರಾವರಿಗಾಗಿಯೇ ಕಟ್ಟಿದ ಜಲಾಶಯ ಈ ನಿಯಮಗಳ ಜೌಗುಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿದೆ. ಮೇಲಾಗಿ ಎಚ್.ಡಿ. ಕೋಟೆ ಸೀಮೆಯ ಹಲವು ಗ್ರಾಮಗಳು 2012ರಲ್ಲಿ ಅಧಿಸೂಚಿತವಾದ ಬಂಡೀಪುರದ ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿವೆ. ಅಲ್ಲಿ ಅರಣ್ಯ ಇಲಾಖೆಯ ಮಾತು ಮೊದಲನೆಯದು.

ಏರಿಳಿಯುವ ನೀರು

ಎಲ್ಲ ಅನುಮತಿಯೂ ದೊರೆಯಿತೆಂದೇ ಇಟ್ಟುಕೊಳ್ಳೋಣ. ಆಗ ಎದುರಾಗುವುದು ನೀರಿನ ಮಟ್ಟ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಬರದ ವರ್ಷಗಳ ಬೇಸಿಗೆಯಲ್ಲಿ ಅದು 80 ಅಡಿಯ ಆಸುಪಾಸಿಗೆ ಕುಸಿದಿರುವುದನ್ನು ಜಿಲ್ಲೆಯ ಜನ ಕಂಡಿದ್ದಾರೆ. ದಡದ ಇಳಿಜಾರು 20 ಅಡಿಗೆ ಒಂದು ಅಡಿಯಷ್ಟಿದ್ದರೆ, ನೀರು 25 ಅಡಿ ಇಳಿದಾಗ ಅಂಚು 500 ಅಡಿ ಹಿಂದೆ ಸರಿಯುತ್ತದೆ. 60 ಅಡಿ ಉದ್ದದ ಕಾಂಕ್ರೀಟ್ ಜೆಟ್ಟಿ ಕಟ್ಟಿಸಿದವರಿಗೆ ವರ್ಷದಲ್ಲಿ ಎಷ್ಟು ತಿಂಗಳು ಅದರ ಪ್ರಯೋಜನ ಸಿಕ್ಕೀತೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಉಳಿದ ತಿಂಗಳುಗಳಲ್ಲಿ ಅದು ಕೆಸರಿನ ಮೇಲೆ ನಿಂತ ಸೇತುವೆ.

ನಮ್ಮ ಹಿರಿಯರು ನದಿತೀರದ ದೇವಾಲಯಗಳ ಮುಂದೆ ಸೋಪಾನಗಳನ್ನು ಕಟ್ಟಿದ್ದರ ಜಾಣ್ಮೆ ಇಲ್ಲಿ ಅರ್ಥವಾಗುತ್ತದೆ: ನೀರು ಎಷ್ಟೇ ಏರಲಿ, ಇಳಿಯಲಿ, ಯಾವುದಾದರೊಂದು ಮೆಟ್ಟಿಲು ನೀರಿನ ಅಂಚಿನಲ್ಲಿ ಇದ್ದೇ ಇರುತ್ತದೆ. ಹರಿಗೋಲಿನ ಅಂಬಿಗನಿಗಂತೂ ಜೆಟ್ಟಿಯೇ ಬೇಡ. ಬಿದಿರಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ನೀರು ಇದ್ದಲ್ಲಿ ಇಳಿಸುತ್ತಾನೆ. ಇಂದಿನ ಪರಿಭಾಷೆಯಲ್ಲಿ ಇದಕ್ಕೆ ಸಮೀಪವಾದದ್ದು ತೇಲುವ ಜೆಟ್ಟಿ. ಪ್ಲಾಸ್ಟಿಕ್ ಅಚ್ಚಿನ ತೇಲುಪೆಟ್ಟಿಗೆಗಳನ್ನೋ ಉಕ್ಕಿನ ಮುಚ್ಚಿದ ಪೀಪಾಯಿಗಳನ್ನೋ ಜೋಡಿಸಿ, ಮೇಲೆ ಹಲಗೆ ಹಾಸಿ, ಕೀಲುಳ್ಳ ಕಾಲುಸೇತುವೆಯಿಂದ ದಡಕ್ಕೆ ಸೇರಿಸುತ್ತಾರೆ. ನೀರು ಇಳಿದಂತೆ ಲಂಗರು ಸಡಿಲಿಸಿ ಮುಂದಕ್ಕೆ ಸರಿಸಬಹುದು. ಇಲಾಖೆ ತೆಗೆಯಿರೆಂದರೆ ಬಿಚ್ಚಿ ಲಾರಿಗೆ ಏರಿಸಬಹುದು.

ತಡೆಗೋಡೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಗೋಡೆ ಬೀಳುವುದು ಸಾಮಾನ್ಯವಾಗಿ ಅಲೆಯ ಹೊಡೆತಕ್ಕಲ್ಲ, ಮುಂದಿನ ನೀರು ಬೇಗ ಇಳಿದಾಗ. ತಿಂಗಳುಗಟ್ಟಲೆ ನೀರು ಕುಡಿದ ಹಿಂಬದಿಯ ಮಣ್ಣು ಅಷ್ಟು ಬೇಗ ಒಣಗದೆ ಗೋಡೆಯನ್ನು ಹಿಂದಿನಿಂದ ತಳ್ಳುತ್ತದೆ. ಬಸಿರಂಧ್ರಗಳಿಲ್ಲದ, ಹಿಂದೆ ಜಲ್ಲಿಯ ಪದರವಿಲ್ಲದ ಗೋಡೆ ಎರಡು ಬೇಸಿಗೆ ದಾಟುವುದು ಕಷ್ಟ. ಅದಕ್ಕಿಂತ ಇಳಿಜಾರಿಗೆ ಕಲ್ಲುಹಾಸು ಒಳಿತು. ಏರಿಯ ಇಳಿಜಾರಿನ ರಕ್ಷಣೆಗೆಂದು ರೂಪಿಸಿದ ಐಎಸ್ 8237 ಎಂಬ ಭಾರತೀಯ ಮಾನಕ ಇದಕ್ಕೆ ಮಾರ್ಗದರ್ಶಿಯಾಗಬಲ್ಲದು. ಎತ್ತರದ ಗೋಡೆ, ಬೇಲಿಗಳು ಆನೆಗಳ ದಾರಿಗೆ ಅಡ್ಡಬಂದರೆ ಖರ್ಚಿನ ಜೊತೆಗೆ ಮೊಕದ್ದಮೆಯೂ ಬರಬಹುದು. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟಾಗ ನಂಜನಗೂಡಿನ ಹೆದ್ದಾರಿಯೇ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಅಣೆಕಟ್ಟಿನ ಕೆಳಗಿನ ನದಿದಂಡೆಯಲ್ಲಿ ಕಟ್ಟುವವರು ಆ ಗುರುತನ್ನು ನೋಡಿಯೇ ಮುಂದುವರಿಯಬೇಕು.

ತೆರಿಗೆಯ ಲೆಕ್ಕ

ಒಬ್ಬ ಉದ್ಯಮಿ ಜೆಟ್ಟಿಗೆ 20 ಲಕ್ಷ ರೂಪಾಯಿ ತೊಡಗಿಸುತ್ತಾರೆಂದು ಭಾವಿಸೋಣ. ಕಾಂಕ್ರೀಟಿನದಾದರೆ ಗುತ್ತಿಗೆದಾರರ ಬಿಲ್ಲಿನಲ್ಲಿ ಶೇ. 18ರಂತೆ 3.60 ಲಕ್ಷ ರೂಪಾಯಿ ಜಿಎಸ್‌ಟಿ ಸೇರುತ್ತದೆ. ಸ್ವಂತ ಲೆಕ್ಕದಲ್ಲಿ ಸ್ಥಿರಾಸ್ತಿ ಕಟ್ಟುವುದಕ್ಕೆ ತೆತ್ತ ತೆರಿಗೆಗೆ 17(5)(ಡಿ) ಪ್ರಕರಣದಂತೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ, ಕಟ್ಟಡವೂ ಸಂದರ್ಭಕ್ಕೆ ತಕ್ಕಂತೆ 'ಸ್ಥಾವರ' ಆಗಬಹುದೆಂದು ಹೇಳಿ ಆಸೆ ಹುಟ್ಟಿಸಿತ್ತು. (ಹೆಸರು ಕೇಳಿ ಕಬಿನಿಯ ರೆಸಾರ್ಟೆಂದು ಭಾವಿಸಬಾರದು, ಅದು ಒಡಿಶಾದ ಒಂದು ಮಾಲ್‌ಗೆ ಸಂಬಂಧಿಸಿದ ವ್ಯಾಜ್ಯ.) 2025ರ ಹಣಕಾಸು ಕಾಯ್ದೆ 'ಸ್ಥಾವರ ಅಥವಾ ಯಂತ್ರ' ಎಂಬಲ್ಲಿನ 'ಅಥವಾ'ವನ್ನು 'ಮತ್ತು' ಎಂದು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗಿ ತಿದ್ದಿ ಆ ಬಾಗಿಲನ್ನು ಮುಚ್ಚಿತು. ಸಿವಿಲ್ ರಚನೆಗಳು ಹೊರಗೆ ಉಳಿದವು. 3.60 ಲಕ್ಷ ರೂಪಾಯಿ ಖರ್ಚಿನೊಳಗೇ ಕರಗಿತು.

ತೇಲುವ ಜೆಟ್ಟಿಯ ಸ್ಥಿತಿ ಭಿನ್ನ. ಸುಂಕಪಟ್ಟಿಯ 8907ನೇ ಶೀರ್ಷಿಕೆಯಲ್ಲಿ ತೆಪ್ಪ, ತೇಲುತೊಟ್ಟಿಗಳ ಜೊತೆಗೆ ದೋಣಿಗೆ ಹತ್ತಿಳಿಯುವ ತೇಲುಕಟ್ಟೆಯೂ ಹೆಸರು ಹಿಡಿದೇ ಬಂದಿದೆ, ದರ ಶೇ. 5. ಇಪ್ಪತ್ತು ಲಕ್ಷಕ್ಕೆ ತೆರಿಗೆ ಒಂದು ಲಕ್ಷ. ನೆಲಕ್ಕೆ ಕಚ್ಚದ ಚರಾಸ್ತಿಯಾದ್ದರಿಂದ 17(5)(ಡಿ)ಯ ತಡೆಯೂ ಇದಕ್ಕೆ ತಾಗದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳಿಗೆ ತೆರಿಗೆ ಶೇ. 5, ಜಮೆಯ ಸೌಲಭ್ಯವಿಲ್ಲ. ಹೀಗಾಗಿ ಜಮೆಯ ಲಾಭ ಮುಖ್ಯವಾಗಿ ಅದಕ್ಕಿಂತ ಹೆಚ್ಚಿನ ಬಾಡಿಗೆಯ, ಶೇ. 18 ತೆರಿಗೆ ವಿಧಿಸುವ ರೆಸಾರ್ಟುಗಳಿಗೆ. ಸಣ್ಣ ಹೋಂಸ್ಟೇ ನಡೆಸುವವರಿಗೆ ಉಳಿಯುವುದು ದರದ ವ್ಯತ್ಯಾಸವಷ್ಟೇ. ಅದೂ ಎರಡೂವರೆ ಲಕ್ಷಕ್ಕೆ ಮೀರಿದ ಮೊತ್ತ.

ಸವಕಳಿಯಲ್ಲಿಯೂ ಇದೇ ದಿಕ್ಕು. 1962ರ ಆದಾಯ ತೆರಿಗೆ ನಿಯಮಗಳ ಕೋಷ್ಟಕ ಕಟ್ಟಡ ಎಂಬ ಪದದೊಳಗೆ ರಸ್ತೆ, ಸೇತುವೆ, ಬಾವಿಗಳನ್ನೂ ಸೇರಿಸಿ ಶೇ. 10 ಕೊಟ್ಟಿತು, ಯಂತ್ರ-ಸ್ಥಾವರಕ್ಕೆ ಶೇ. 15. ಮರದ ತಾತ್ಕಾಲಿಕ ರಚನೆಗಳಿಗೆ ಹಿಂದೆ ಶೇ. 100 ಇದ್ದದ್ದು 2017-18ರಿಂದ ಶೇ. 40ಕ್ಕೆ ಇಳಿಯಿತು. ಹಡಗು ರಿಪೇರಿಯ ಒಣ ಡಾಕ್ ಇಡಿಯಾಗಿ ಸ್ಥಾವರವೇ ಎಂದು ಬಾರ್ಕ್ಲೇ ಕರ್ಲ್ ಪ್ರಕರಣದಲ್ಲಿ 1969ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿದೆ. ಆದರೆ ಹೋಟೆಲ್ ಕಟ್ಟಡ ಸ್ಥಾವರವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಆನಂದ್ ಥಿಯೇಟರ್ಸ್ ಪ್ರಕರಣದಲ್ಲಿ ಹೇಳಿರುವಾಗ, ರೆಸಾರ್ಟಿನ ಕಾಂಕ್ರೀಟ್ ಜೆಟ್ಟಿಗಾಗಿ ಲಂಡನ್ನಿನ ತೀರ್ಪನ್ನು ಹಿಡಿದು ವಾದಿಸುವುದು ವಕೀಲರಿಗೇ ಹೆಚ್ಚು ಲಾಭದಾಯಕ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ, ನಂತರದ ಖರ್ಚಿಗೆ ಅದರಡಿಯ ಕೋಷ್ಟಕವನ್ನೇ ನೋಡತಕ್ಕದ್ದು.

ಸಾಲದ ಮಾತೂ ಉಂಟು. ಸರ್ಕಾರಿ ನೆಲದ ಮೇಲಿನ ಕಾಂಕ್ರೀಟನ್ನು ಯಾವ ಬ್ಯಾಂಕೂ ಅಡಮಾನಕ್ಕೆ ಒಪ್ಪದು. ತೇಲುವ ಜೆಟ್ಟಿಯನ್ನು ಚರಾಸ್ತಿಯಾಗಿ ಆಧಾರಕ್ಕೆ ಕೊಡಲು ಸಾಧ್ಯ.

ತಯಾರಕರಿಗೆ

ಹೂಟಗಳ್ಳಿ, ಹೆಬ್ಬಾಳ ಕೈಗಾರಿಕಾ ಪ್ರದೇಶಗಳ ಫ್ಯಾಬ್ರಿಕೇಷನ್ ಘಟಕಗಳಿಗೆ ಈ ಕೆಲಸ ಹೊಸದಾದರೂ ಅಸಾಧ್ಯವಲ್ಲ. ಉಕ್ಕಿಗೆ ಬಿಸಿ ಸತುವಿನ ಲೇಪನ ಮಾಡಿಸಬೇಕು. ಬಣ್ಣ ಬಳಿದದ್ದು ಸಾಲದು. ಹಲಗೆಗೆ ಹುಣಸೂರಿನ ಗರಗಸದ ಮಿಲ್ಲುಗಳು ಹತ್ತಿರವೇ ಇವೆ. ಕಚ್ಚಾ ಸಾಮಗ್ರಿಗೆ ಶೇ. 18 ತೆತ್ತು, ಸಿದ್ಧವಸ್ತುವನ್ನು ಶೇ. 5ರಲ್ಲಿ ಮಾರುವಾಗ ಜಮೆ ಉಳಿದುಬಿಡುತ್ತದೆ; 54(3) ಪ್ರಕರಣದಡಿ ಅದರ ಮರುಪಾವತಿಯನ್ನು ಕೇಳಬಹುದು, ಆದರೆ ಸರಕಿನ ಮೇಲಿನದ್ದನ್ನು ಮಾತ್ರ, ಸೇವೆಯ ಮೇಲಿನದ್ದನ್ನಲ್ಲ. ಬಿಲ್ಲಿನಲ್ಲಿ ನಿಜವಾಗಿ ಮಾಡಿದ್ದನ್ನೇ ಬರೆಯಬೇಕು. ದಡದಲ್ಲಿ ಕಾಂಕ್ರೀಟ್ ತಳಪಾಯ ಹಾಕಿಕೊಟ್ಟು ಒಟ್ಟು ಮೊತ್ತವನ್ನು 8907ರಡಿ ತೋರಿಸಿದರೆ ಪರಿಶೋಧನೆಯಲ್ಲಿ ವ್ಯತ್ಯಾಸ, ಬಡ್ಡಿ, ದಂಡ ಮೂರೂ ಬರುತ್ತವೆ.

ಜೆಟ್ಟಿಗೆ ಕಟ್ಟುವ ಯಾಂತ್ರಿಕ ದೋಣಿಗೆ 2021ರ ಒಳನಾಡು ಜಲನೌಕೆಗಳ ಕಾಯ್ದೆಯಂತೆ ತಪಾಸಣೆ, ನೋಂದಣಿ ಹಾಗೂ ವಿಮೆ ಕಡ್ಡಾಯ. ನೆರೆಯ ಕೇರಳದ ತೇಕ್ಕಡಿ ಜಲಾಶಯದಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರವಾಸಿ ದೋಣಿ ಮಗುಚಿ 45 ಜನ ಅಸುನೀಗಿದರು. ವಿಮೆಯಿಲ್ಲದ ದೋಣಿಯಲ್ಲಿ ಅಂಥದ್ದು ಸಂಭವಿಸಿದರೆ ಪರಿಹಾರದ ಹೊಣೆ ಮಾಲೀಕನ ಮನೆ-ಮಠದವರೆಗೂ ಬರುತ್ತದೆ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ನಾಗರಹೊಳೆ, ಬಂಡೀಪುರಗಳಲ್ಲಿ ಸರ್ಕಾರ ಸಫಾರಿಯನ್ನೇ ಸ್ಥಗಿತಗೊಳಿಸಿದ್ದನ್ನೂ ಯೋಜನಾ ವರದಿ ಬರೆಯುವವರು ಗಮನಿಸಬೇಕು. ವರ್ಷದ ಹನ್ನೆರಡು ತಿಂಗಳೂ ದೋಣಿ ಓಡುತ್ತದೆಂದು ಆದಾಯ ಅಂದಾಜು ಮಾಡುವುದು ಈ ಸೀಮೆಗೆ ಹೊಂದದು.

ಹಿನ್ನೀರಿನ ಪಕ್ಕದ ಜಮೀನಿಗೆ ಮುಂಗಡ ಕೊಡುವ ಮೊದಲು ಪಹಣಿ, ಆಕಾರ್‌ಬಂದ್, ಟಿಪ್ಪಣಿ ಮತ್ತು ಸ್ವಾಧೀನದ ದಾಖಲೆಗಳನ್ನು ತಾಳೆ ನೋಡಿ, ಹದ್ದುಬಸ್ತಿಗೆ ಅರ್ಜಿ ಸಲ್ಲಿಸಬೇಕು. ಅಳತೆ ಏಪ್ರಿಲ್-ಮೇ ತಿಂಗಳಲ್ಲಿ ನಡೆಯುವಂತೆ ನೋಡಿಕೊಂಡರೆ ಒಳ್ಳೆಯದು. ಮುಳುಗಡೆ ಗಡಿಯ ಕಲ್ಲುಗಳು ಕಣ್ಣಿಗೆ ಬೀಳುವುದು ಆಗಲೇ.