ಮಹೇಶಚಂದ್ರರ ಒಂಟೆ

ಕಲ್ಕತ್ತೆಯ ಅಲಿಪುರದಲ್ಲಿ, ಒಂದು ಕಾಲಕ್ಕೆ ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳ ನಿವಾಸವಾಗಿದ್ದ ಬೆಲ್ವೆಡಿಯರ್ ಸೌಧವು 1953ರಲ್ಲಿ ರಾಷ್ಟ್ರೀಯ ಗ್ರಂಥಾಲಯವಾಗಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಅದೇ ಆವರಣದ ಭಾಷಾ ಭವನದಲ್ಲಿ 2019ರ ನವೆಂಬರಿನಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್, ನಮ್ಮ ವಿಶ್ವನಾಥನ್ ಆನಂದ್ ಮೊದಲಾದ ಮಹಾರಥರು ಟಾಟಾ ಸ್ಟೀಲ್ ಚದುರಂಗ ಪಂದ್ಯಾವಳಿಯನ್ನಾಡಿದರು, ಕಾರ್ಲ್‌ಸನ್ ಗೆದ್ದರು. 2024ರಲ್ಲಿ ಅಲಿಪುರದ ಶಂಖಾಕಾರದ ಧನಧಾನ್ಯ ಸಭಾಂಗಣದಲ್ಲಿಯೂ ಜಯ ಅವರದೇ ಆಯಿತು. ಇಂಥ ಸಭೆಗಳಲ್ಲಿ ಕರಿಯ ಕಾಯಿಗಳನ್ನು ಹಿಡಿದವರು ರಾಜನ ಪಕ್ಕದ ಕುದುರೆಯ ಮುಂದಿರುವ ಕಾಲಾಳನ್ನು ಒಂದೇ ಒಂದು ಮನೆ ನಡೆಸಿ, ತೆರವಾದ ಆ ಮನೆಯಲ್ಲಿ ಒಂಟೆಯನ್ನು ನಿಲ್ಲಿಸಿ, ಅದರ ಬಳಿಯಲ್ಲಿಯೇ ರಾಜನನ್ನು ಕೋಟೆಗೆ ಸೇರಿಸಿಕೊಳ್ಳುವುದನ್ನು ಕಂಡವರಿಗೆ, ಇದು ಯೂರೋಪಿನ ಪಂಡಿತರು ಕಲಿಸಿದ ವಿದ್ಯೆಯೆಂದು ತೋರುವುದು ಸಹಜವೇ. ಆದರೆ ಈ ವ್ಯೂಹವನ್ನು ತಮ್ಮ ನಿತ್ಯದ ಆಯುಧವನ್ನಾಗಿ ಮಾಡಿಕೊಂಡಿದ್ದ ಬಂಗಾಳಿ ಬ್ರಾಹ್ಮಣರೊಬ್ಬರು ಇದೇ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಆಡಿದ್ದರು. ಅವರ ಹೆಸರು ಮಹೇಶಚಂದ್ರ ಬ್ಯಾನರ್ಜಿ.

ಈ ವ್ಯೂಹಕ್ಕೆ ಇಟಲಿಯ ಮಾತಿನಲ್ಲಿ ಫಿಯಾಂಕೆಟ್ಟೊ ಎಂದು ಹೆಸರು. ಚಿಕ್ಕ ಪಾರ್ಶ್ವವೆಂದು ಅದರ ಅರ್ಥ. ಚದುರಂಗದ ಹಾಸಿನ ನಡುವಣ ನಾಲ್ಕು ಮನೆಗಳನ್ನು ವಶದಲ್ಲಿಟ್ಟುಕೊಂಡವನು ಯುದ್ಧಭೂಮಿಯನ್ನೇ ಆಳುವನೆಂಬುದು ಹಳೆಯ ಶಾಸ್ತ್ರ. ಅದಕ್ಕಾಗಿ ಕಾಲಾಳುಗಳನ್ನು ಮೊದಲೇ ಅಲ್ಲಿಗೆ ನುಗ್ಗಿಸುವುದು ವಾಡಿಕೆ. ಫಿಯಾಂಕೆಟ್ಟೊ ಹಿಡಿದವನಾದರೋ ಆ ನಡುನೆಲವನ್ನು ಎದುರಾಳಿಗೆ ಬಿಟ್ಟುಕೊಟ್ಟು, ಮೂಲೆಗೆ ಹೊಂದಿದ ಜಿ7 ಎಂಬ ಮನೆಯಲ್ಲಿ ಕುಳಿತ ಒಂಟೆಯ ದೃಷ್ಟಿಯನ್ನು ಹಾಸಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹಾಯುವ ಮಹಾಕರ್ಣದ ಉದ್ದಕ್ಕೂ ಹರಿಯಬಿಡುತ್ತಾನೆ. ಬೆಟ್ಟದ ಮೇಲಿನ ಕಾವಲುಗಾರನು ಕೆಳಗಿನ ಹಾದಿಯನ್ನು ಅಲ್ಲಿಂದಲೇ ಕಾಯುವಂತೆ ಆ ಒಂಟೆಯು ದೂರದಿಂದ ನಡುಮನೆಗಳನ್ನು ಕಾಯುತ್ತದೆ. ಎದುರಾಳಿಯ ಕಾಲಾಳುಗಳು ಮುಂದೆ ಬಂದಷ್ಟೂ ಅವುಗಳನ್ನು ರಕ್ಷಿಸುವ ಭಾರ ಅವನ ಮೇಲೆಯೇ ಬೀಳುತ್ತದೆ.

ಈ ವ್ಯೂಹದ ನಿಜವಾದ ಬಲವಿರುವುದು ನಿರ್ಧಾರವನ್ನು ಕಾದಿರಿಸಿಕೊಳ್ಳುವ ಸ್ವಾತಂತ್ರ್ಯದಲ್ಲಿ. ಕುದುರೆ, ಒಂಟೆ, ರಾಜ ಇವರು ತಮ್ಮ ತಮ್ಮ ಸ್ಥಾನ ಸೇರಿದ ಮೇಲೂ, ನಡುವಿನ ಕಾಲಾಳು ಒಂದು ಹೆಜ್ಜೆಯಿಟ್ಟು ನಿಲ್ಲಬೇಕೋ ಎರಡು ಹೆಜ್ಜೆಯಿಟ್ಟು ಒಮ್ಮೆಲೇ ಕೈಕಲಸಬೇಕೋ, ಮುಂದಿನ ಪೆಟ್ಟು ಇ5ರಿಂದ ಬೀಳಬೇಕೋ ಸಿ5ರಿಂದಲೋ ಎಂಬುದನ್ನು ಎದುರಾಳಿಯ ಇಂಗಿತವರಿತು ತೀರ್ಮಾನಿಸಬಹುದು. ಆದರೆ ಹೀಗೆ ಕಾಯುವವನು ಒಂದು ಗಳಿಗೆಯಲ್ಲಿ ಹೊಡೆಯಲೇಬೇಕು. ತಡಮಾಡಿದರೆ ಎದುರಾಳಿಯ ನಡುಸೇನೆ ಬೇರೂರಿ ಅವನ ಉಸಿರು ಕಟ್ಟಿಸುತ್ತದೆ. ಆ ಒಂಟೆಯನ್ನು ಅಜಾಗರೂಕತೆಯಿಂದ ವಿನಿಮಯ ಮಾಡಿಕೊಂಡರಂತೂ ರಾಜನ ಸುತ್ತಣ ಕಪ್ಪು ಮನೆಗಳೆಲ್ಲ ಕಾವಲಿಲ್ಲದ ಬಾಗಿಲುಗಳಾಗುತ್ತವೆ. ಕಲಿಯುವವರು ಮರೆಯಬಾರದ ಮೊದಲ ಪಾಠ ಇದೆಂದು ನನ್ನ ಅಭಿಪ್ರಾಯ.

ಮಹೇಶಚಂದ್ರರು ಈ ವಿದ್ಯೆಯನ್ನು ಯಾವ ಗ್ರಂಥದಿಂದಲೂ ಕಲಿತವರಲ್ಲ. ಅಂದಿನ ನಮ್ಮ ದೇಶೀಯ ಪದ್ಧತಿಯಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿಯೂ ಎರಡು ಮನೆ ಹಾರುವ ಹಕ್ಕಿರಲಿಲ್ಲ. ಸೇನೆಯು ಮೆಲ್ಲಮೆಲ್ಲನೆ ಸಜ್ಜಾಗಬೇಕಾಗಿತ್ತು, ಒಂಟೆಯು ಪಾರ್ಶ್ವದಿಂದ ಹೊರಡುವುದೇ ಸಹಜವಾಗಿತ್ತು. ಆ ಅಭ್ಯಾಸವನ್ನು ಹೊತ್ತು ಮೊಫಸಲಿನಲ್ಲಿದ್ದ ಅವರನ್ನು 1848ರ ಸುಮಾರಿಗೆ ಕಂಡುಕೊಂಡವರು ಕಲ್ಕತ್ತೆಯ ಚದುರಂಗ ಸಂಘದ ಸದಸ್ಯರೊಬ್ಬರು. ಮುಂದೆ ಮಹೇಶಚಂದ್ರರಿಗೆ ಎದುರಾಳಿಯಾಗಿ ದೊರೆತವರು, ಕಲ್ಕತ್ತೆಯಲ್ಲಿ ಬ್ಯಾರಿಸ್ಟರರಾಗಿದ್ದು ಲಂಡನ್ನಿನಲ್ಲಿ ಹೆಸರಾಂತ ಆಟಗಾರ ಹೊವಾರ್ಡ್ ಸ್ಟಾಂಟನ್ನರೊಡನೆ ನೂರಾರು ಆಟಗಳನ್ನಾಡಿದ್ದ ಜಾನ್ ಕಾಕ್ರೇನ್. ಆ ಕಾಲಕ್ಕೆ ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರವತ್ತನಾಲ್ಕು ಮನೆಗಳನ್ನೂ ಕುದುರೆಯೊಂದು ಒಮ್ಮೊಮ್ಮೆ ಮಾತ್ರ ಮೆಟ್ಟಿ ಬರುವ ತುರಗಗತಿಯ ಬಂಧಗಳಲ್ಲಿ ಮಗ್ನರಾಗಿದ್ದರೆಂಬುದನ್ನು ನೆನೆದರೆ, ಚದುರಂಗವು ನಮ್ಮಲ್ಲಿ ಎಂದೂ ಬತ್ತದ ತೊರೆಯಾಗಿತ್ತೆಂಬುದು ಮನದಟ್ಟಾಗುತ್ತದೆ.

ಕಾಕ್ರೇನ್ ಮತ್ತು ಮಹೇಶಚಂದ್ರರು ಕಲ್ಕತ್ತೆಯಲ್ಲಿ 1855ರಲ್ಲಿ ಆಡಿದ ಒಂದು ಆಟವನ್ನು ನೋಡಿರಿ. ಕಾಕ್ರೇನ್ ಮಂತ್ರಿಯ ಮುಂದಿನ ಕಾಲಾಳನ್ನೂ ಅದರ ಪಕ್ಕದ ಕಾಲಾಳನ್ನೂ ಎರಡೆರಡು ಮನೆ ನಡೆಸಿದರು. ಮಹೇಶಚಂದ್ರರು ಕುದುರೆಯನ್ನು ಹೊರತಂದು, ಜಿ6ರಲ್ಲಿ ಕಾಲಾಳನ್ನಿಟ್ಟು, ಮೂರನೆಯ ನಡೆಯಲ್ಲಿಯೇ ಡಿ5ರಿಂದ ನಡುನೆಲಕ್ಕೆ ಪೆಟ್ಟು ಕೊಟ್ಟರು. ಏಳನೆಯ ನಡೆಯಲ್ಲಿ ಕುದುರೆಗಳು ವಿನಿಮಯವಾದವು. ಆಮೇಲೆ ಸಿ5, ಸಿ6ಕ್ಕೆ ಬಂದ ಕುದುರೆ, ಜಿ4ಕ್ಕೆ ನೆಗೆದ ಇನ್ನೊಂದು ಒಂಟೆ, ಮೂಲೆಯಲ್ಲಿ ಕಾದಿದ್ದ ಜಿ7ರ ಒಂಟೆ: ಇವೆಲ್ಲವೂ ಬಿಳಿಯ ಪಕ್ಷದ ಡಿ4 ಎಂಬ ಒಂದೇ ಮನೆಯ ಮೇಲೆ ಒತ್ತಡ ಹೇರಿದವು. ಇಂದಿನ ಗ್ರ್ಯಾಂಡ್‌ಮಾಸ್ಟರುಗಳೂ ಈ ವ್ಯೂಹದಲ್ಲಿ ಹೂಡುವ ಮುಖ್ಯ ಯೋಚನೆ ಇದೇ. ಕೊನೆಗೆ ಕಾಕ್ರೇನರು ಎಫ್7ರಲ್ಲಿ ಕುದುರೆಯನ್ನು ನುಗ್ಗಿಸಿ ಸುಂದರವಾಗಿ ಗೆದ್ದರು. ಆದರೆ ಆ ಸೋಲು ನಡುವಿನ ಕಾಳಗದಲ್ಲಾದದ್ದು, ಆರಂಭದ ಯೋಜನೆ ನಿರ್ದುಷ್ಟವಾಗಿಯೇ ಉಳಿಯಿತು.

ಮುಂದೆ 1924ರಲ್ಲಿ ನ್ಯೂಯಾರ್ಕಿನಲ್ಲಿ ರಿಚರ್ಡ್ ರೇಟಿಯವರು ಬಿಳಿಯ ಕಾಯಿಗಳಿಂದ ಇದೇ ಪಾರ್ಶ್ವನೀತಿಯನ್ನು ಅನುಸರಿಸಿ, ಎಂಟು ವರ್ಷಗಳಿಂದ ಸೋಲನ್ನೇ ಕಾಣದಿದ್ದ ವಿಶ್ವವಿಜೇತ ಕಾಪಾಬ್ಲಾಂಕರನ್ನು ಮಣಿಸಿದಾಗ ಯೂರೋಪು ಬೆರಗಾಯಿತು. ಇಂಥ ಆರಂಭಗಳ ಕುಲಕ್ಕೆ ‘ಇಂಡಿಯನ್’ ಎಂಬ ಹೆಸರು ನಿಂತಿದೆ. ಆದರೆ 1855ರ ಆ ವ್ಯೂಹಕ್ಕೆ ಮಾತ್ರ, 1922ರಲ್ಲಿ ಅದನ್ನು ಆಡಿ ತೋರಿಸಿದ ವಿಯೆನ್ನಾದ ಎರ್ನ್ಸ್ಟ್ ಗ್ರೂನ್‌ಫೆಲ್ಡರ ಹೆಸರೇ ರೂಢಿಯಾಗಿದೆ. ಮನೆಯಲ್ಲಿ ಮಕ್ಕಳಿಗೆ ಚದುರಂಗ ಕಲಿಸುವ ತಾಯಿತಂದೆಯರು ಕಾಯಿಗಳನ್ನು ಜೋಡಿಸಿ 1855ರ ಆ ಆಟವನ್ನೊಮ್ಮೆ ಆಡಿಸಿರಿ; ಕರಿಯ ಒಂಟೆ ಜಿ7ರಲ್ಲಿ ಕುಳಿತಾಗ ಮಹೇಶಚಂದ್ರ ಬ್ಯಾನರ್ಜಿಯವರ ಹೆಸರನ್ನು ಅವರಿಗೆ ಹೇಳಿರಿ.