ಕಪ್ಪು-ಬಿಳುಪಿಗೇ ಬೇರೆ ಕ್ಯಾಮೆರಾ ಏಕೆ?

ಪ್ರಶ್ನೆ: ಬಣ್ಣದ ಫೋಟೊವನ್ನೇ ಕಪ್ಪು-ಬಿಳುಪಿಗೆ ಬದಲಿಸಬಹುದಲ್ಲ, ಅದಕ್ಕೆಂದೇ ಬೇರೆ ಡಿಜಿಟಲ್ ಕ್ಯಾಮೆರಾ ಏಕೆ?

ಉತ್ತರ: ವ್ಯತ್ಯಾಸವಿರುವುದು ಸೆನ್ಸರಿನಲ್ಲಿ. ಬಣ್ಣದ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್ ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿ ಫಿಲ್ಟರ್ ಇರುತ್ತದೆ. ಹಾಗಾಗಿ ಪ್ರತಿ ಪಿಕ್ಸೆಲ್ ಅಳೆಯುವುದು ಒಂದೇ ಬಣ್ಣ. ಉಳಿದೆರಡನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕಹಾಕಿ ತುಂಬಲಾಗುತ್ತದೆ. 2012ರಲ್ಲಿ ಬಂದ ಲೈಕಾ ಎಂ ಮೊನೊಕ್ರೋಮ್ ಎಂಬ ಕಪ್ಪು-ಬಿಳುಪಿನ ಕ್ಯಾಮೆರಾದಲ್ಲಿ ಈ ಫಿಲ್ಟರುಗಳೇ ಇಲ್ಲ. ಬೆಳಕು ನೇರ ಪಿಕ್ಸೆಲ್‌ಗೇ ಬೀಳುವುದರಿಂದ ಮಬ್ಬುಗತ್ತಲಲ್ಲೂ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು) ಕಡಿಮೆ. ಲೆಕ್ಕಹಾಕಿ ತುಂಬುವ ಕೆಲಸವಿಲ್ಲದ್ದರಿಂದ ರೆಪ್ಪೆಗೂದಲು, ಬಟ್ಟೆಯ ಎಳೆಗಳು ಚೊಕ್ಕವಾಗಿ ಮೂಡುತ್ತವೆ. ಆದರೆ ನೀಲಿ ಆಕಾಶ ಕಪ್ಪಾಗಿ ಕಾಣಬೇಕೆಂದರೆ ಕ್ಲಿಕ್ಕಿಸುವ ಮೊದಲೇ ಲೆನ್ಸಿಗೆ ಕೆಂಪು ಫಿಲ್ಟರ್ ತೊಡಿಸಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣವಾರು ತಿದ್ದಲಾಗದು. ಬೆಳಕು ಮಿತಿಮೀರಿ ಅಳಿಸಿಹೋದ ಭಾಗವಂತೂ ಮರಳಿ ಸಿಗುವುದಿಲ್ಲ. ಬೆಲೆಯೂ ದುಬಾರಿ. ಕಪ್ಪು-ಬಿಳುಪನ್ನೇ ನೆಚ್ಚಿಕೊಂಡವರು ಧಾರಾಳವಾಗಿ ಕೊಳ್ಳಲಿ. ಉಳಿದವರಿಗೆ ಬಣ್ಣದ ಕ್ಯಾಮೆರಾ ಸಾಕು.